ಹಗುರ ಕೆಲಸಕ್ಕೆ ಭುಜ ಯಾಕೆ ಸೋಲುತ್ತದೆ? – ಸಂಘದ ಸಭೆಗೊಂದು ಪಾಠ



ಕಾಮಗೆರೆ, ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಸಂಘಗಳ ಸಭೆಗೆ ಹೋದಾಗ ನಮ್ಮ ಕಿವಿಗೆ ಮತ್ತೆ ಮತ್ತೆ ಬೀಳುವ ಒಂದು ಮಾತಿದೆ. ಚಂದ್ರಿಕೆಯಿಂದ ರೇಷ್ಮೆ ಗೂಡು ಬಿಡಿಸುವವರು, ಕಂಡಿಕೆ ಸುತ್ತುವವರು, ಹೊಲಿಗೆ ಮೆಷಿನ್ ಮುಂದೆ ಕೂರುವವರು, ಹೂವು ಕಟ್ಟುವವರು, ಹುಣಸೆಹಣ್ಣು ಬಿಡಿಸುವವರು ಎಲ್ಲರೂ ಕುತ್ತಿಗೆಯ ಬುಡಕ್ಕೆ ಕೈ ಹಾಕಿಕೊಂಡು, "ಇಲ್ಲಿ ಸೆಳಿತದೆ ಕನಕ್ಕ, ರಾತ್ರಿ ಮಗ್ಗಲು ಬದಲಾಯಿಸಕ್ಕೂ ಆಗದು" ಅನ್ನುತ್ತಾರೆ. ಅದನ್ನೇ ಮನೆಯಲ್ಲಿ ಹೇಳಿದರೆ ಸಿಗುವ ಉತ್ತರವೂ ಎಲ್ಲ ಕಡೆ ಒಂದೇ: "ಕುಂತ್ಕಂಡು ಮಾಡೋ ಕೆಲಸ, ನೀನೇನು ಮೂಟೆ ಹೊತ್ತಿದ್ದೀಯಾ?"

ಈ ಪ್ರಶ್ನೆಗೆ ಏನು ಹೇಳಬೇಕೆಂದು ತಿಳಿಯದೆ ಎಷ್ಟೋ ಹೆಂಗಸರು ಸುಮ್ಮನಾಗುತ್ತಾರೆ. ತೋರಿಸಲು ಊತವಿಲ್ಲ, ಗಾಯವಿಲ್ಲ. ಎಕ್ಸ್-ರೇ ತೆಗೆಸಿದರೆ ಮೂಳೆ ಸರಿಯಾಗಿದೆ ಎಂದು ಬರುತ್ತದೆ, ಏಕೆಂದರೆ ಎಕ್ಸ್-ರೇಯಲ್ಲಿ ಮಾಂಸಖಂಡದ ದಣಿವು ಕಾಣುವುದಿಲ್ಲ. ಕೊನೆಗೆ ಆ ತಾಯಿಗೆ ತನ್ನ ನೋವಿನ ಮೇಲೆ ತನಗೇ ಅನುಮಾನ ಶುರುವಾಗುತ್ತದೆ. ಅದಕ್ಕೇ ಈ ಸಲದ ಪಾಠಕ್ಕೆ ಈ ವಿಷಯವನ್ನು ತೆಗೆದುಕೊಂಡಿದ್ದೇವೆ. ತೂಕವನ್ನು, ಜ್ವರವನ್ನು, ರಕ್ತದೊತ್ತಡವನ್ನು ಅಳೆಯುವ ಹಾಗೆ ಮಾಂಸಖಂಡದ ದಣಿವನ್ನೂ ಅಳೆಯಬಹುದು. ದೊಡ್ಡ ಊರಿನ ಪ್ರಯೋಗಶಾಲೆಯಲ್ಲಿ ಅದಕ್ಕೆ ಯಂತ್ರವಿದೆ. ನಮ್ಮ ಸಂಘದಲ್ಲಿ ಒಂದು ಗಡಿಯಾರ, ಒಂದು ನೀರಿನ ಬಾಟಲಿ, ಹತ್ತು ಹುಣಸೆ ಬೀಜ ಇದ್ದರೆ ಸಾಕು.

ಮೂಟೆ ಇದೆ, ಕಣ್ಣಿಗೆ ಕಾಣುವುದಿಲ್ಲ

ಮನುಷ್ಯರ ಒಂದು ತೋಳಿನ ತೂಕ, ಭುಜದಿಂದ ಬೆರಳ ತುದಿಯವರೆಗೆ, ಮೈತೂಕದ ನೂರಕ್ಕೆ ಸುಮಾರು 5 ಭಾಗ. 50 ಕಿಲೋ ತೂಗುವ ಹೆಂಗಸಿನ ಒಂದೊಂದು ತೋಳೂ ಎರಡೂವರೆ ಕಿಲೋ ಆಯಿತು. ಕೈ ಇಳಿಬಿಟ್ಟಾಗ ಈ ಭಾರ ನಮಗೆ ತಿಳಿಯುವುದಿಲ್ಲ. ಮುಂದಕ್ಕೆ ಚಾಚಿ ಗಾಳಿಯಲ್ಲಿ ಹಿಡಿದಾಗ ಅಷ್ಟನ್ನೂ ಭುಜ ಮತ್ತು ಕುತ್ತಿಗೆಯ ಮಾಂಸಖಂಡ ಎಳೆದು ಹಿಡಿಯಬೇಕು. ತುಂಬಿದ ಕೊಡವನ್ನು ಸೊಂಟಕ್ಕೆ ಇಟ್ಟುಕೊಂಡು ಅರ್ಧ ಮೈಲಿ ನಡೆಯುತ್ತೇವೆ. ಅದೇ ಕೊಡವನ್ನು ಕೈ ಚಾಚಿ ಹಿಡಿದು ಬಾಗಿಲಿನಿಂದ ಒಲೆಯ ತನಕ ಹೋಗುವುದೂ ಕಷ್ಟ. ತೂಕ ಮೈಯಿಂದ ದೂರ ಹೋದಷ್ಟೂ ಭುಜಕ್ಕೆ ಭಾರ ಜಾಸ್ತಿ.

ಕಂಡಿಕೆ ಸುತ್ತುವವರನ್ನು ಗಮನಿಸಿ. ಬಲಗೈ ರಾಟೆ ತಿರುಗಿಸುತ್ತದೆ, ಎಡಗೈ ಎಳೆಯನ್ನು ಹಿಡಿದು ಗಾಳಿಯಲ್ಲಿ ನಿಂತಿರುತ್ತದೆ. ದಣಿಯುವುದು ತಿರುಗಿಸುವ ಕೈ ಎಂದು ನೋಡುವವರು ತಿಳಿಯುತ್ತಾರೆ. ಸುತ್ತುವವರನ್ನೇ ಕೇಳಿದರೆ ಎಡ ಭುಜ ತೋರಿಸುವವರೂ ಬೇಕಾದಷ್ಟು ಜನ. ಆಡುವ ಕೈಗೆ ಒಂದು ಸುತ್ತಿನ ನಡುವೆ ಬಿಗಿ, ಸಡಿಲ ಎರಡೂ ಸಿಗುತ್ತವೆ. ನಿಂತ ಕೈಗೆ ಬಿಗಿ ಮಾತ್ರ. ಮಾಂಸಖಂಡ ಬಿಗಿಯಾಗಿ ಹಿಡಿದಿರುವಷ್ಟು ಹೊತ್ತು ಅದರೊಳಗಿನ ಸಣ್ಣ ರಕ್ತನಾಳಗಳೂ ಒತ್ತಿಕೊಂಡಿರುತ್ತವೆ. ಸಡಿಲ ಬಿಟ್ಟಾಗಲೇ ರಕ್ತ ಚೆನ್ನಾಗಿ ಹರಿದು ಬರುವುದು. ಹೊಲಿಗೆಯವರ ಭುಜವೂ ಹೀಗೆಯೇ. ಮೆಷಿನ್ ಎತ್ತರವಾಗಿದ್ದರೆ ಬಟ್ಟೆ ಹಿಡಿದ ಎರಡೂ ಕೈ ಮೇಲಕ್ಕೇ ಇರುತ್ತವೆ.

(ರೇಷ್ಮೆ ಹುಳು ಗೂಡು ಕಟ್ಟುವಾಗ ಎರಡು ಮೂರು ದಿನ ತಲೆಯಾಡಿಸುತ್ತಲೇ ಇರುತ್ತದೆ, ಅದಕ್ಕೆ ಭುಜ ನೋಯುವುದಿಲ್ಲವೇ ಎಂದು ಒಂದು ಸಭೆಯಲ್ಲಿ ಕೇಳಿದರು. ಹುಳುವಿಗೆ ಅದು ಜನ್ಮಕ್ಕೆ ಒಂದೇ ಸಲದ ಕೆಲಸ. ನಮಗೆ ವರ್ಷಪೂರ್ತಿ.)

ಮೊದಲು ಏಳುವ ಸೊಸೆ

ಒಂದು ಮಾಂಸಖಂಡ ಎಂದರೆ ಒಂದೇ ಹಗ್ಗ ಅಲ್ಲ. ಸಾವಿರಾರು ಎಳೆಗಳು ಸೇರಿ ಆಗಿರುತ್ತದೆ. ಈ ಎಳೆಗಳು ಗುಂಪು ಗುಂಪಾಗಿ ಕೆಲಸ ಮಾಡುತ್ತವೆ. ಕೆಲವು ಗುಂಪು ಸಣ್ಣವು, ಕೆಲವು ದೊಡ್ಡವು. ಹಗುರ ಕೆಲಸ ಬಂದಾಗ ಮೈ ಮೊದಲು ಕರೆಯುವುದು ಸಣ್ಣ ಗುಂಪುಗಳನ್ನು. ಕೆಲಸ ಭಾರವಾದಾಗ ಅವುಗಳ ಜೊತೆಗೆ ದೊಡ್ಡ ಗುಂಪುಗಳೂ ಬಂದು ಸೇರುತ್ತವೆ. ಕೆಲಸ ಇಳಿಯುತ್ತಾ ಬಂದರೆ ದೊಡ್ಡವು ಮೊದಲು ಬಿಟ್ಟು ಹೋಗುತ್ತವೆ. ಸಣ್ಣವು ಕೊನೆಯವರೆಗೂ ನಿಲ್ಲುತ್ತವೆ. ಅಮೆರಿಕದ ಹೆನ್ನೆಮನ್ ಎಂಬ ವಿಜ್ಞಾನಿ 1950, 60ರ ದಶಕಗಳಲ್ಲಿ ಈ ಕ್ರಮವನ್ನು ತೋರಿಸಿಕೊಟ್ಟರು.

ಇದನ್ನು ಇಟ್ಟುಕೊಂಡು 1991ರಲ್ಲಿ ಸ್ವೀಡನ್ ದೇಶದ ಯೋರಾನ್ ಹೆಗ್ ಎಂಬವರು ಒಂದು ವಿಚಾರ ಮುಂದಿಟ್ಟರು. ಹಗುರ ಕೆಲಸ ದಿನವಿಡೀ ನಡೆದರೆ ದೊಡ್ಡ ಗುಂಪುಗಳಿಗೆ ಕರೆ ಹೋಗುವುದೇ ಅಪರೂಪ. ಎಲ್ಲವೂ ಅದೇ ಸಣ್ಣ ಎಳೆಗಳ ತಲೆಯ ಮೇಲೆ ಬೀಳುತ್ತದೆ. ಇಡೀ ಮಾಂಸಖಂಡದ ಶಕ್ತಿಯಲ್ಲಿ ನೂರಕ್ಕೆ ಐದು ಭಾಗವೂ ಖರ್ಚಾಗದೆ ಇರಬಹುದು, ಆದರೆ ಆ ಕೆಲವು ಎಳೆಗಳು ಮಾತ್ರ ಸುಸ್ತಾಗಿ ಹಾಳಾಗುತ್ತವೆ. ಹೆಗ್ ಇದಕ್ಕೆ ಸಿಂಡ್ರೆಲಾ ಎಂದು ಹೆಸರಿಟ್ಟರು. ಸಿಂಡ್ರೆಲಾ ಯೂರೋಪಿನ ಕಥೆಯಲ್ಲಿ ಬರುವ ಹುಡುಗಿ. ಮಲತಾಯಿಯ ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ಎಲ್ಲರಿಗಿಂತ ಕೊನೆಗೆ ಮಲಗುವವಳು. ನಮ್ಮ ಕಡೆಯವರಿಗೆ ಆ ಕಥೆಯೇ ಬೇಕಿಲ್ಲ. ಕೋಳಿ ಕೂಗುವ ಮುಂಚೆ ಎದ್ದು, ಎಲ್ಲರೂ ಉಂಡು ಮಲಗಿದ ಮೇಲೆ ಪಾತ್ರೆ ತೊಳೆದು ದೀಪ ಆರಿಸುವ ಸೊಸೆ ಯಾರೆಂದು ಪ್ರತಿ ಮನೆಗೂ ಗೊತ್ತು. ನಮ್ಮ ಭುಜದೊಳಗೂ ಅಂಥದ್ದೇ ಸಣ್ಣ ಸೊಸೆಯಂದಿರು ಇದ್ದಾರೆ ಎಂದುಕೊಳ್ಳಿ.

ಭುಜ ನೋವಿಗೆ ಇದೊಂದೇ ಕಾರಣ ಎಂದು ವಿಜ್ಞಾನಿಗಳು ಹೇಳುವುದಿಲ್ಲ, ಬೇರೆ ಕಾರಣಗಳೂ ಇವೆ. ಆದರೂ ಈ ವಿಚಾರಕ್ಕೆ ಒಳ್ಳೆಯ ಬೆಂಬಲ ಸಿಕ್ಕಿದ್ದು ನಾರ್ವೆ ದೇಶದ ಹೆಣ್ಣುಮಕ್ಕಳ ಕೆಲಸದಿಂದ. ಅಲ್ಲಿ ವೈರ್‌ಸ್ಟೆಡ್, ವೆಸ್ಟ್‌ಗಾರ್ಡ್ ಮತ್ತು ಸಂಗಡಿಗರು 1990ರ ಆಸುಪಾಸಿನಲ್ಲಿ ಪ್ಯಾಕಿಂಗ್ ಕೆಲಸದ ಹೆಂಗಸರ ಭುಜದ ಮೇಲೆ ಪುಟ್ಟ ಬಿಲ್ಲೆಗಳನ್ನು ಅಂಟಿಸಿ, ಕೆಲಸ ನಡೆಯುತ್ತಿರುವಾಗಲೇ ಮಾಂಸಖಂಡ ಎಷ್ಟು ಬಿಗಿಯಾಗಿದೆ ಎಂದು ಅಳೆದರು. ನೋವಿದ್ದವರೂ ಇಲ್ಲದವರೂ ಮಾಡುತ್ತಿದ್ದದ್ದು ಒಂದೇ ಕೆಲಸ. ವ್ಯತ್ಯಾಸ ಇದ್ದದ್ದು ಸಣ್ಣ ಸಣ್ಣ ಬಿಡುವುಗಳಲ್ಲಿ. ನೋವಿಲ್ಲದವರ ಭುಜ ಕೆಲಸದ ಮಧ್ಯೆಯೇ ಆಗಾಗ, ಒಂದು ಸೆಕೆಂಡಿನ ಐದನೇ ಒಂದು ಭಾಗದಷ್ಟಾದರೂ, ಪೂರ್ತಿ ಸಡಿಲವಾಗುತ್ತಿತ್ತು. ನೋವಿದ್ದವರ ಭುಜಕ್ಕೆ ಅಂಥ ಬಿಡುವು ಕಡಿಮೆ ಸಿಗುತ್ತಿತ್ತು. ಮುಂದೆ ಹೊಸದಾಗಿ ಕೆಲಸಕ್ಕೆ ಸೇರಿದ ಪ್ಯಾಕಿಂಗ್ ಹೆಂಗಸರನ್ನು ಒಂದು ವರ್ಷ ಹಿಂಬಾಲಿಸಿ ನೋಡಿದಾಗಲೂ ಇದೇ ಬಗೆಯ ಸಂಗತಿ ಕಂಡುಬಂತು.

ಕಣ್ಣು ಮಿಟುಕಿಸುವಷ್ಟು ಬಿಡುವು! ಅಷ್ಟು ಚಿಕ್ಕದು ಕೂಡ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ನಾವು ಮರೆಯಬಾರದು.

ಇನ್ನೊಂದು ವಿಷಯ. ಮನಸ್ಸಿಗೆ ಒತ್ತಡವಾದಾಗ ಕೈ ಏನೂ ಮಾಡದೆ ಇದ್ದರೂ ಕುತ್ತಿಗೆ–ಭುಜದ ಮಾಂಸಖಂಡ ಬಿಗಿಯಾಗುತ್ತದೆ ಎಂಬುದನ್ನೂ ಸ್ವೀಡನ್ ದೇಶದಲ್ಲಿ ಅಳೆದು ನೋಡಿದ್ದಾರೆ. ಸಾಲದ ಕಂತಿನ ಹಿಂದಿನ ದಿನ, ಮಗುವಿಗೆ ಜ್ವರ ಬಂದ ದಿನ ಅದೇ ಕಂಡಿಕೆ ಯಾಕೆ ಜಾಸ್ತಿ ನೋಯಿಸುತ್ತದೆ ಎಂಬುದಕ್ಕೆ ಇಲ್ಲಿ ಉತ್ತರವಿದೆ. ಅದು ನೆಪ ಅಲ್ಲ.

ವಿಜ್ಞಾನಿಗಳು ಹೇಗೆ ಅಳೆಯುತ್ತಾರೆ

ಇಟಲಿಯ ಟ್ಯೂರಿನ್ ನಗರದ ಆಂಜೆಲೊ ಮೊಸ್ಸೊ ಎಂಬ ವೈದ್ಯ ವಿಜ್ಞಾನಿ 1880ರ ದಶಕದಲ್ಲಿ ಒಂದು ಸಾಧನ ಮಾಡಿದರು. ಕೈಯನ್ನು ಮೇಜಿಗೆ ಕಟ್ಟಿ, ಒಂದೇ ಬೆರಳಿಗೆ ದಾರ ಹಾಕಿ, ದಾರದ ತುದಿಗೆ ತೂಕ ಕಟ್ಟುವುದು. ಬೆರಳು ಮಡಿಸಿದಾಗಲೆಲ್ಲ ತೂಕ ಮೇಲೆ ಬರುತ್ತದೆ, ಎಷ್ಟು ಮೇಲೆ ಬಂತೆಂದು ಕಾಗದದ ಮೇಲೆ ಗೀರು ಬೀಳುತ್ತದೆ. ಗೀರುಗಳು ಗಿಡ್ಡವಾಗುತ್ತಾ ಹೋಗುವುದೇ ದಣಿವಿನ ಚಿತ್ರ. 1891ರಲ್ಲಿ ಅವರು ದಣಿವಿನ ಮೇಲೆಯೇ ಒಂದು ಪುಸ್ತಕ ಬರೆದರು.

ಈಗಿನ ಕಾಲದಲ್ಲಿ ಬಳಸುವುದು ಇ.ಎಂ.ಜಿ. ಎಂಬ ಯಂತ್ರ. ಎದೆಯ ಮೇಲೆ ಬಿಲ್ಲೆ ಅಂಟಿಸಿ ಹೃದಯದ ಇ.ಸಿ.ಜಿ. ತೆಗೆಯುವುದು ನಿಮಗೆ ಗೊತ್ತು. ಇದು ಅದರ ತಂಗಿ ಇದ್ದ ಹಾಗೆ. ಮಾಂಸಖಂಡ ಕೆಲಸ ಮಾಡುವಾಗ ಅದರಲ್ಲಿ ಹರಿಯುವ ಸಣ್ಣ ವಿದ್ಯುತ್ತನ್ನು ಚರ್ಮದ ಮೇಲಿಂದಲೇ ಹಿಡಿದು ಗೆರೆಯಾಗಿ ತೋರಿಸುತ್ತದೆ. ದಣಿದ ಮಾಂಸಖಂಡದಲ್ಲಿ ಗೆರೆ ದೊಡ್ಡದಾಗುತ್ತದೆ, ಆದರೆ ನಿಧಾನವಾಗುತ್ತದೆ. ದೊಡ್ಡದಾಗುವುದು ಯಾಕೆಂದರೆ ಅಷ್ಟೇ ಕೆಲಸಕ್ಕೆ ಈಗ ಇನ್ನಷ್ಟು ಎಳೆಗಳನ್ನು ಕರೆಯಬೇಕಾಗಿದೆ. ನಿಧಾನವಾಗುವುದು ಯಾಕೆಂದರೆ ದಣಿದ ಎಳೆಗಳಲ್ಲಿ ವಿದ್ಯುತ್ತು ಹರಿಯುವ ವೇಗವೇ ತಗ್ಗಿದೆ.

ತೀರ ಹಗುರ ಕೆಲಸದಲ್ಲಿ ಈ ಗೆರೆಯ ಬದಲಾವಣೆ ಸಣ್ಣದು, ಕೈಯ ಓಡಾಟದ ನಡುವೆ ಅದನ್ನು ಗುರುತಿಸುವುದು ಕಷ್ಟ. ಅದಕ್ಕೆ ಒಂದು ಉಪಾಯವಿದೆ. ಆಗಾಗ ಕೆಲಸ ನಿಲ್ಲಿಸಿ, ಎಲ್ಲ ಸಲವೂ ಒಂದೇ ಭಂಗಿಯಲ್ಲಿ, ಒಂದೇ ತೂಕ ಹಿಡಿಸಿ, ಸ್ವಲ್ಪ ಹೊತ್ತು ಅಳೆಯುವುದು. ಬೆಳಿಗ್ಗೆಯದನ್ನೂ ಸಂಜೆಯದನ್ನೂ ಹೋಲಿಸಿದಾಗ ದಣಿವು ಸಿಕ್ಕಿಬೀಳುತ್ತದೆ. ಯಂತ್ರದ ಜೊತೆಗೆ ಕೆಲಸದವರನ್ನೇ ಕೇಳಿ ಬರೆದುಕೊಳ್ಳುವುದೂ ಉಂಟು. ಸ್ವೀಡನ್ನಿನ ಗುನ್ನರ್ ಬೋರ್ಗ್ ಅವರು 1982ರಲ್ಲಿ ಪ್ರಕಟಿಸಿದ ಸೊನ್ನೆಯಿಂದ ಹತ್ತರವರೆಗಿನ ಅಳತೆ ಇವತ್ತಿಗೂ ಎಲ್ಲ ದೇಶಗಳಲ್ಲಿ ಬಳಕೆಯಲ್ಲಿದೆ. ದಣಿದವರ ಮಾತಿಗೆ ವಿಜ್ಞಾನದಲ್ಲಿಯೂ ಬೆಲೆಯಿದೆ.

ನಾವು ಹೇಗೆ ಅಳೆಯೋಣ

ಹತ್ತು ಹುಣಸೆ ಬೀಜ ತೆಗೆದುಕೊಳ್ಳಿ. ಭುಜದಲ್ಲಿ ಏನೂ ಇಲ್ಲದಿದ್ದರೆ ಒಂದು ಬೀಜವೂ ಬೇಡ. ಸ್ವಲ್ಪ ದಣಿವಿದ್ದರೆ ಎರಡು, ನಡುಮಟ್ಟದ್ದಾದರೆ ಮೂರು, ಜೋರಾಗಿದ್ದರೆ ಐದು, ತುಂಬಾ ಜೋರಾದರೆ ಏಳು, ಇನ್ನು ಕೈ ಎತ್ತಲು ಸಾಧ್ಯವೇ ಇಲ್ಲ ಎನ್ನುವಂತಿದ್ದರೆ ಹತ್ತು. ಬೋರ್ಗ್ ಅವರ ಅಳತೆಯೂ ಹೆಚ್ಚುಕಡಿಮೆ ಹೀಗೆಯೇ ಇದೆ. ಅಕ್ಷರ ಬಾರದ ಅಜ್ಜಿಯೂ ಬೀಜ ಎಣಿಸಿ ಡಬ್ಬಿಗೆ ಹಾಕಬಹುದು, ಮನೆಯ ಮಗುವಿನ ಕೈಲಿ ಬರೆಸಬಹುದು.

ಬೆಳಿಗ್ಗೆ ಎದ್ದ ಕೂಡಲೇ ಒಂದು ಸಲ, ಕೆಲಸಕ್ಕೆ ಕೂತ ಮೇಲೆ ಗಂಟೆಗೊಂದು ಸಲ, ರಾತ್ರಿ ಮಲಗುವ ಮುಂಚೆ ಒಂದು ಸಲ ಬೀಜದ ಲೆಕ್ಕ ಬರೆಯಿರಿ. ಎಡ, ಬಲ ಬೇರೆ ಬೇರೆ.

ಇದರ ಜೊತೆಗೆ ದಿನಕ್ಕೆ ಎರಡು ಸಲ ಬಾಟಲಿಯ ಪರೀಕ್ಷೆ ಮಾಡಿ, ಕೆಲಸ ಶುರುಮಾಡುವ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ. ಗೋಡೆಗೆ ಬೆನ್ನು ಕೊಟ್ಟು ಕೂತು, ಅರ್ಧ ಲೀಟರಿನ ತುಂಬಿದ ಬಾಟಲಿಯನ್ನು ಹಿಡಿದು, ಕೈಯನ್ನು ಭುಜದ ಮಟ್ಟಕ್ಕೆ ನೇರ ಮುಂದಕ್ಕೆ ಚಾಚಿ. ಪಕ್ಕದವರು ಗಡಿಯಾರ ನೋಡಿ 30 ಸೆಕೆಂಡು ಎಣಿಸಲಿ. ಆಮೇಲೆ ಎಷ್ಟು ಬೀಜದ ದಣಿವಾಯಿತು ಎಂದು ಹೇಳಿ. ಬೆಳಿಗ್ಗೆ ಅದೇ ಬಾಟಲಿ ಎರಡು ಬೀಜದಷ್ಟಿದ್ದದ್ದು ಸಂಜೆಗೆ ಆರಾದರೆ, ಬಾಟಲಿ ಭಾರವಾಗಲಿಲ್ಲ, ಭುಜ ಸೋತಿತು. ಚಳಕು ಬಂದರೆ ತಕ್ಷಣ ಕೈ ಇಳಿಸಿ, ಇದು ಪಂದ್ಯವಲ್ಲ. ಈಗಾಗಲೇ ಜೋರು ನೋವಿರುವವರಿಗೆ ಬಾಟಲಿ ಬೇಡ, ಬೀಜ ಸಾಕು.

ಎಲ್ಲಿ ನೋವು ಎಂಬುದನ್ನೂ ಗುರುತು ಮಾಡಿ. 1976ರಲ್ಲಿ ಇಂಗ್ಲೆಂಡಿನ ಕಾರ್ಲೆಟ್ ಮತ್ತು ಬಿಷಪ್ ಎಂಬವರು ಮೈಯ ಚಿತ್ರ ಬರೆದು ಭಾಗ ಭಾಗವಾಗಿ ನೋವು ಗುರುತಿಸುವ ಕ್ರಮ ತಂದರು. ನಾವು ಒಂದು ಹಾಳೆಯ ಮೇಲೆ ಹೆಂಗಸಿನ ಬೆನ್ನಿನ ಚಿತ್ರ ಬರೆದು ಕುಂಕುಮದ ಚುಕ್ಕೆ ಇಟ್ಟರೂ ಆಯಿತು. ಇಡೀ ಸಂಘದ ಚುಕ್ಕೆಗಳು ಒಂದೇ ಹಾಳೆಯ ಮೇಲೆ ಬಿದ್ದಾಗ ಯಾವ ಕೆಲಸ ಯಾವ ಜಾಗವನ್ನು ಹಿಡಿಯುತ್ತದೆ ಎಂದು ತಾನಾಗಿ ಕಾಣುತ್ತದೆ.

ದಣಿವಿನ ಪಾಸ್‌ಬುಕ್

ಬರೆದದ್ದನ್ನು ಓದುವುದು ಹೇಗೆ? ನಮ್ಮ ಸಂಘದ ಲೆಕ್ಕದ ಹಾಗೆಯೇ. ಲೆಕ್ಕ ಹಾಕಿ ತೋರಿಸಲು ಒಂದು ಉದಾಹರಣೆ ಮಾಡಿಕೊಳ್ಳೋಣ. ಒಬ್ಬಾಕೆ ಸೋಮವಾರ ಬೆಳಿಗ್ಗೆ ಸೊನ್ನೆಯಿಂದ ಶುರುಮಾಡುತ್ತಾಳೆ. ಒಂದು ಗಂಟೆಗೆ ಎರಡು ಬೀಜ, ಮೂರು ಗಂಟೆಗೆ ನಾಲ್ಕು, ಊಟದ ನಂತರ ಎರಡು, ಸಂಜೆಗೆ ಆರು. ರಾತ್ರಿ ಮಲಗಿ ಎದ್ದಾಗ ಮಂಗಳವಾರದ ಆರಂಭ ಶಿಲ್ಕು ಸೊನ್ನೆಯೇ ಇದ್ದರೆ ಚಿಂತೆಯಿಲ್ಲ. ಆ ದಿನದ ದಣಿವು ಆ ದಿನಕ್ಕೆ ತೀರಿತು. ಮಂಗಳವಾರ ಒಂದು, ಬುಧವಾರ ಎರಡು, ಶನಿವಾರ ಎದ್ದಾಗಲೇ ಮೂರು ಎಂದಾದರೆ ಏನಾಗುತ್ತಿದೆ? ಕಂತು ಕಟ್ಟದೆ ಬಾಕಿ ಬೆಳೆಯುತ್ತಿದೆ. ಅದಕ್ಕೆ ಸಂಜೆಯ ಅಂಕಿಗಿಂತ ಬೆಳಗಿನ ಅಂಕಿಯ ಮೇಲೆ ಹೆಚ್ಚು ಕಣ್ಣಿಡಿ. ಸಂಜೆ ದಣಿಯುವುದು ಸಹಜ. ಬೆಳಿಗ್ಗೆಗೂ ತೀರದ ದಣಿವೇ ಮುಂದೆ ನೋವಾಗಿ ಕೂರುವುದು.

ಒಬ್ಬರ ಬೀಜವನ್ನು ಇನ್ನೊಬ್ಬರದಕ್ಕೆ ಹೋಲಿಸಬೇಡಿ. ನಿಮ್ಮ ನಾಲ್ಕು ಅವರ ನಾಲ್ಕಲ್ಲ. ನಿಮ್ಮ ಇವತ್ತನ್ನು ನಿಮ್ಮ ನಿನ್ನೆಯ ಜೊತೆ ಹೋಲಿಸಿ. ಈ ಪುಸ್ತಕ ಸಂಘದಲ್ಲಿಯೇ ಇರಲಿ. ಕೆಲಸ ಕೊಡುವವರ ಕೈಗೆ ಒಬ್ಬೊಬ್ಬರ ಲೆಕ್ಕ ಸಿಕ್ಕರೆ "ಇವಳ ಕೈಲಾಗದು" ಎಂದು ಕೆಲಸ ತಪ್ಪಿಸುವುದಕ್ಕೂ ದಾರಿಯಾಗುತ್ತದೆ.

ಮೊದಲ ವಾರ ಏನನ್ನೂ ಬದಲಾಯಿಸದೆ ಎಂದಿನಂತೆ ದುಡಿದು ಬರೆಯಿರಿ. ಎಷ್ಟು ಕಂಡಿಕೆ, ಎಷ್ಟು ಜಾಕೀಟು, ಎಷ್ಟು ಮೊಳ ಹೂವು ಆಯಿತು ಎಂಬುದನ್ನೂ ಪಕ್ಕದಲ್ಲಿ ಹಾಕಿ. ಎರಡನೆಯ ವಾರ ಒಂದೇ ಒಂದು ಬದಲಾವಣೆ ಮಾಡಿ ಮತ್ತೆ ಬರೆಯಿರಿ. ಎರಡು ಮೂರು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು.

ಏನು ಬದಲಾಯಿಸಬಹುದು? ಎಲ್ಲಕ್ಕಿಂತ ಮೊದಲು ಎತ್ತರ. ಮೊಣಕೈ ಪಕ್ಕೆಗೆ ಹತ್ತಿರವಿದ್ದು, ಕೈ ಮೊಣಕೈಯ ಮಟ್ಟದಲ್ಲಿ ಆಡುವಂತಿದ್ದರೆ ಭುಜ ಇಳಿದಿರುತ್ತದೆ. ಹೊಲಿಗೆಯವರು ಸ್ಟೂಲಿನ ಮೇಲೆ ಒಂದು ಗಟ್ಟಿ ದಿಂಬು ಹಾಕಿ ನೋಡಿ. ನೆಲದ ಮೇಲೆ ಕೂತು ರಾಟೆ ತಿರುಗಿಸುವವರು ಒಂದು ಮಣೆ ಹಾಕಿಕೊಂಡು, ಎಡ ಮೊಣಕೈ ಊರಲು ಮಗ್ಗುಲಿಗೆ ಮಡಿಚಿದ ಗೋಣಿಚೀಲವನ್ನೋ ದಿಂಬನ್ನೋ ಇಟ್ಟುಕೊಳ್ಳಿ. ಗೂಡಿನ ಬುಟ್ಟಿ ತೊಡೆಯ ಹತ್ತಿರ ಬರಲಿ, ಕೈ ಚಾಚಿ ಚಾಚಿ ಹಾಕುವಂತಿರಬಾರದು.

ಆಮೇಲೆ ಬಿಡುವು. ಅರ್ಧ ಗಂಟೆಗೊಮ್ಮೆ ಒಂದು ನಿಮಿಷ ಎರಡೂ ಕೈ ತೊಡೆಯ ಮೇಲೆ ಬಿಟ್ಟು, ಭುಜವನ್ನು ಕಿವಿಯಿಂದ ದೂರ ಇಳಿಸಿ. ಇಲ್ಲಿ ನಮ್ಮ ಹೆಂಗಸರು ಒಂದು ಮೋಸ ಹೋಗುತ್ತಾರೆ. ಕಂಡಿಕೆ ಬಿಟ್ಟು ಎದ್ದವರು ನೀರು ಸೇದುತ್ತಾರೆ, ಬಟ್ಟೆ ಒಗೆಯುತ್ತಾರೆ, ಹಿಟ್ಟು ತೊಳಸುತ್ತಾರೆ, ಅದನ್ನೇ ಬಿಡುವು ಅನ್ನುತ್ತಾರೆ. ಮೇಲೆ ಹೇಳಿದ್ದನ್ನು ನೆನಪು ಮಾಡಿಕೊಳ್ಳಿ: ಭಾರದ ಕೆಲಸಕ್ಕೆ ದೊಡ್ಡ ಎಳೆಗಳು ಬಂದು ಸೇರುತ್ತವೆ, ಸಣ್ಣವಕ್ಕೆ ರಜೆ ಸಿಗುವುದಿಲ್ಲ. ಭುಜಕ್ಕೆ ಬಿಡುವು ಎಂದರೆ ಕೈ ಸುಮ್ಮನೆ ಇಳಿದಿರಬೇಕು. ಮನೆಯಲ್ಲಿ ಗಂಡಸರು, ಗಂಡುಮಕ್ಕಳು ಎರಡು ಕೊಡ ನೀರು ತಂದರೆ ಅದೂ ಈ ಲೆಕ್ಕಕ್ಕೆ ಸೇರುತ್ತದೆ.

"ಬಿಡುವು ತಗಂಡ್ರೆ ಕೂಲಿ ಕಮ್ಮಿಯಾಗಲ್ವಾ?" ಎಂದು ಕೇಳುತ್ತೀರಿ. ಪೀಸಿನ ಲೆಕ್ಕದಲ್ಲಿ ದುಡಿಯುವವರ ಹೆದರಿಕೆ ನ್ಯಾಯವಾದದ್ದೇ. ಅಮೆರಿಕದಲ್ಲಿ ದಿನವಿಡೀ ಕೀಲಿಮಣೆ ಒತ್ತುವವರಿಗೆ ಮಾಮೂಲಿ ಬಿಡುವಿನ ಜೊತೆಗೆ ಐದೈದು ನಿಮಿಷದ ಬಿಡುವು, ದಿನಕ್ಕೆ ಒಟ್ಟು 20 ನಿಮಿಷ ಹೆಚ್ಚಿಗೆ ಕೊಟ್ಟು ನೋಡಿದರು. 2000ನೇ ಇಸವಿಯಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮೈನೋವು ಕಡಿಮೆಯಾಯಿತು, ಕೆಲಸ ಕಡಿಮೆಯಾಗಲಿಲ್ಲ. ಅದು ಅವರ ಕೆಲಸ. ನಮ್ಮದರಲ್ಲಿ ಏನಾಗುತ್ತದೆ ಎಂಬುದಕ್ಕೆ ನಿಮ್ಮ ಎರಡು ವಾರದ ಲೆಕ್ಕವೇ ಸಾಕ್ಷಿ. ಪೀಸು ಅಷ್ಟೇ ಇದ್ದು ಬೀಜ ಇಳಿದಿದ್ದರೆ ಮನೆಯವರಿಗೂ ತೋರಿಸಿ. ಪೀಸು ಕಡಿಮೆಯಾಗಿದ್ದರೆ, ಬಿಡುವನ್ನೂ ಸೇರಿಸಿ ಪೀಸಿಗೆ ಎಷ್ಟು ದರ ಬೇಕೆಂದು ಸಂಘ ಒಟ್ಟಾಗಿ ಲೆಕ್ಕ ಹಾಕಲಿ. ಕೆಲಸ ಕೊಡುವವರ ಹತ್ತಿರ ಹೆಸರಿಲ್ಲದ ಸಂಘದ ಲೆಕ್ಕವನ್ನಿಟ್ಟು ಮಾತಾಡಲಿ. 1948ರ ಕಾರ್ಖಾನೆ ಕಾಯಿದೆಯಲ್ಲಿಯೇ ಐದು ಗಂಟೆಗಿಂತ ಹೆಚ್ಚು ಹೊತ್ತು ಎಡೆಬಿಡದೆ ದುಡಿಸಬಾರದು, ನಡುವೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಕೊಡಬೇಕು ಎಂದು ಬರೆದಿದ್ದರು. ಮನೆಯ ಜಗುಲಿಯ ಮೇಲೆ ಕೂತು ದುಡಿಯುವವರಿಗೆ ಗಂಟೆ ಬಾರಿಸುವವರು ಯಾರೂ ಇಲ್ಲ. ಇಬ್ಬರು ಮೂವರು ಒಂದೇ ಕಡೆ ಕೂತು, ಸರದಿಯ ಮೇಲೆ ಒಬ್ಬರು ಗಡಿಯಾರ ನೋಡುವುದು ಒಳ್ಳೆಯದು.

ಸಂಘದ ಸಾಲ ಹಸು, ಹೊಲಿಗೆ ಮೆಷಿನ್‌ಗೆ ಕೊಡುತ್ತೇವೆ. ಬೆನ್ನಿಗೆ ಆಸರೆಯಿರುವ ಕುರ್ಚಿಗೆ ಅಥವಾ ಸರಿಯಾದ ಎತ್ತರದ ಮೇಜಿಗೆ ಯಾರಾದರೂ ಸಾಲ ಕೇಳಿದರೆ ನಗಬೇಡಿ. ದುಡಿಯುವ ಕೈಯೂ ಬಂಡವಾಳವೇ.

ಯಾವಾಗ ಆಸ್ಪತ್ರೆಗೆ

ಎರಡು ವಾರ ಬದಲಾಯಿಸಿ ನೋಡಿದರೂ ಬೆಳಗಿನ ಅಂಕಿ ಇಳಿಯದಿದ್ದರೆ, ಬೆರಳು ಜೋಮು ಹಿಡಿದರೆ, ಕೈಯಿಂದ ಲೋಟ ಜಾರಿದರೆ, ಜಡೆ ಹಾಕಲು ಕೈ ಮೇಲೆ ಹೋಗದಿದ್ದರೆ ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆ ಇರುವವರಲ್ಲಿ ಭುಜ ಗಟ್ಟಿಯಾಗಿ ಹಿಡಿದುಕೊಳ್ಳುವುದು ಹೆಚ್ಚು, ಅವರು ತಡಮಾಡಬಾರದು. ಭುಜ ಮಾತ್ರವಲ್ಲ, ಮೈಯೆಲ್ಲಾ ಸುಸ್ತು, ನಾಲ್ಕು ಹೆಜ್ಜೆ ನಡೆದರೆ ಏದುಸಿರು ಅನ್ನುವವರು ರಕ್ತ ಪರೀಕ್ಷೆ ಮಾಡಿಸಿ. ಗರ್ಭಿಣಿಯಲ್ಲದ ಹೆಂಗಸರಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ಮೆಡಿಕಲ್ ಸ್ಟೋರಿನಿಂದ ನೋವಿನ ಮಾತ್ರೆ ತಂದು ದಿನಾ ನುಂಗುವುದು ಹೊಟ್ಟೆಗೂ ಮೂತ್ರಪಿಂಡಕ್ಕೂ ಕೇಡು.

ಒಂದನ್ನು ಮಾತ್ರ ಬೀಜದಲ್ಲಿ ಅಳೆಯುತ್ತಾ ಕೂರಬೇಡಿ. ಕೈ ಅಥವಾ ಭುಜದ ನೋವಿನ ಜೊತೆ ಎದೆ ಹಿಂಡಿದಂತಾಗಿ, ಬೆವರು, ಉಸಿರುಗಟ್ಟು, ವಾಕರಿಕೆ ಬಂದರೆ ಅದು ಹೃದಯದ ತೊಂದರೆ ಇರಬಹುದು. ಎಡಗೈ ಆಗಲಿ ಬಲಗೈ ಆಗಲಿ, ಆ ಕ್ಷಣವೇ 108ಕ್ಕೆ ಕರೆ ಮಾಡಿ.

ವೈದ್ಯರ ಹತ್ತಿರ ಹೋಗುವಾಗ ನಿಮ್ಮ ಎರಡು ವಾರದ ಹಾಳೆಯನ್ನೂ ಕುಂಕುಮದ ಚುಕ್ಕೆಯ ಚಿತ್ರವನ್ನೂ ಜೊತೆಗೆ ಒಯ್ಯಿರಿ. ಯಾವ ಕೆಲಸ, ದಿನಕ್ಕೆ ಎಷ್ಟು ಗಂಟೆ, ಯಾವ ಭುಜ, ಬೆಳಿಗ್ಗೆ ಎಷ್ಟು, ಸಂಜೆ ಎಷ್ಟು ಎಂಬುದು ಅದರಲ್ಲಿಯೇ ಇರುತ್ತದೆ. ಮುಂದಿನ ತಿಂಗಳ ಸಭೆಗೂ ಆ ಹಾಳೆಗಳನ್ನು ತನ್ನಿ. ಯಾವ ಬದಲಾವಣೆಯಿಂದ ಎಷ್ಟು ಬೀಜ ಇಳಿಯಿತು ಎಂದು ಒಬ್ಬೊಬ್ಬರಾಗಿ ಹೇಳಿ, ಸಂಘದ ನಡಾವಳಿ ಪುಸ್ತಕದಲ್ಲಿ ಬರೆಸೋಣ.